ಹಿಂಬಾಗಿಲಿನ ಬೀಗ



ಹೋಟೆಲಿಗೆ ಬಂದ ಗಿರಾಕಿ ಅಲ್ಲಿರುವುದು ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ಇಡ್ಲಿ ತಿಂದು, ಚಹಾ ಕುಡಿದು, ಗಲ್ಲಾದಲ್ಲಿ ಹಣ ಕೊಟ್ಟು ಅವನು ಹೊರಟುಹೋಗುತ್ತಾನೆ. ನಾವು ಅಲ್ಲಿರುವುದು ಹತ್ತು ಹನ್ನೆರಡು ಗಂಟೆ. ನಮ್ಮಲ್ಲಿ ಎಷ್ಟೋ ಮಂದಿ ಮಲಗುವುದೂ ಅಲ್ಲಿಯೇ, ಅಟ್ಟದ ಮೇಲೆ ಅಥವಾ ಮೇಜುಗಳನ್ನು ಸರಿಸಿದ ನೆಲದ ಮೇಲೆ. ಸಾರ್ವಜನಿಕ ಸ್ಥಳವೆಂದರೆ ಊರಿನವರಿಗೆ ಹೋಗಿ ಬರುವ ಸ್ಥಳ. ನಮಗೆ ಅದು ಅನ್ನದ ಸ್ಥಳ. ಅಲ್ಲಿಗೆ ಬಂದೂಕು ಹಿಡಿದವನು ಬಂದರೂ, ಬಾಂಬು ಇಡುವವನು ಬಂದರೂ, ಕಲ್ಲು ದೊಣ್ಣೆಗಳ ಗುಂಪು ಬಂದರೂ ಮೊದಲು ಎದುರಾಗುವವರು ನಾವೇ. ಆದರೆ ಅಂತಹ ಗಳಿಗೆಯಲ್ಲಿ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ದೋಸೆ ಹುಯ್ಯುವುದನ್ನು ಹೇಳಿಕೊಟ್ಟರು, ಒಂದು ಕೈಯಲ್ಲಿ ಆರು ಗ್ಲಾಸು ಹಿಡಿಯುವುದನ್ನು ಹೇಳಿಕೊಟ್ಟರು. ಜೀವ ಉಳಿಸಿಕೊಳ್ಳುವುದನ್ನು ಮಾತ್ರ ನಮ್ಮ ಪಾಲಿಗೇ ಬಿಟ್ಟರು.

ನಾನು ಏಳನೇ ತರಗತಿಯವರೆಗೆ ಓದಿ ಹೋಟೆಲು ಸೇರಿದವನು. ಕ್ಲೀನರನಾಗಿ, ಸಪ್ಲೈಯರನಾಗಿ ದುಡಿದು ಈಗ ಸಂಘದ ಕೆಲಸ ಮಾಡುತ್ತಿದ್ದೇನೆ. ಪಂಡಿತರ ಮಾತು ನನ್ನಿಂದ ಬಾರದು. ಆದರೆ ನಮ್ಮ ಕೆಲಸದ ಜಾಗಗಳ ಬಾಗಿಲು, ಕಿಟಕಿ, ಮೆಟ್ಟಲುಗಳನ್ನು ನಾನು ಬಲ್ಲೆ. ಈ ಮಾತನ್ನು ಅಷ್ಟರ ಬಲದಿಂದಲೇ ಆಡುತ್ತಿದ್ದೇನೆ.

ಇದು ಎಂದೋ ಎಲ್ಲಿಯೋ ಆಗುವ ಸಂಗತಿಯಲ್ಲ. ೨೦೦೭ರ ಆಗಸ್ಟ್ ೨೫ರ ಸಂಜೆ ಹೈದರಾಬಾದಿನ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿಯೂ ಲುಂಬಿನಿ ಉದ್ಯಾನದಲ್ಲಿಯೂ ಬಾಂಬು ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ೨೦೦೮ರ ನವೆಂಬರ್ ೨೬ರ ರಾತ್ರಿ ಹತ್ತು ಮಂದಿ ಬಂದೂಕುಗಾರರು ಸಮುದ್ರದಿಂದ ಮುಂಬಯಿಗೆ ಇಳಿದರು. ಛತ್ರಪತಿ ಶಿವಾಜಿ ಟರ್ಮಿನಸ್ಸು, ಲಿಯೋಪೋಲ್ಡ್ ಕೆಫೆ, ತಾಜ್, ಒಬೆರಾಯ್ ಟ್ರೈಡೆಂಟ್, ನಾರಿಮನ್ ಹೌಸ್, ಕಾಮಾ ಆಸ್ಪತ್ರೆಯ ಸುತ್ತಮುತ್ತ ಎಂದು ನವೆಂಬರ್ ೨೯ರ ಬೆಳಗಿನವರೆಗೆ ೧೬೬ ಜನರನ್ನು ಕೊಂದರು. ಆ ಪಟ್ಟಿಯನ್ನು ಇನ್ನೊಮ್ಮೆ ಓದಿರಿ: ರೈಲು ನಿಲ್ದಾಣ, ಚಹಾದ ಅಂಗಡಿ, ಹೋಟೆಲು, ಆಸ್ಪತ್ರೆ. ಎಲ್ಲವೂ ನಮ್ಮಂತಹವರು ದುಡಿಯುವ, ಓಡಾಡುವ ಸ್ಥಳಗಳು. ೨೦೧೦ರ ಫೆಬ್ರವರಿ ೧೩ರಂದು ಪುಣೆಯ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿಯಿತು. ಹದಿನೇಳು ಜನ ಹೋದರು. ೨೦೨೪ರ ಮಾರ್ಚ್ ೧ರ ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಒಬ್ಬನು ರವೆ ಇಡ್ಲಿಯ ಕೂಪನ್ನು ತೆಗೆದುಕೊಂಡು, ಕೈತೊಳೆಯುವ ಜಾಗದ ಹತ್ತಿರ ಚೀಲವಿಟ್ಟು ಹೋದನು. ಅದು ಸಿಡಿದು ಸುಮಾರು ಹತ್ತು ಮಂದಿಗೆ ಗಾಯವಾಯಿತು. ಅವರಲ್ಲಿ ಹೋಟೆಲಿನ ಕೆಲಸದವರೂ ಇದ್ದರು. ಕೈತೊಳೆಯುವ ಜಾಗದಲ್ಲಿ ಇಡೀ ದಿನ ನಿಂತು ಒರೆಸುವವನು ಯಾರು? ನಮ್ಮ ಹುಡುಗನೇ.

ಬಂದೂಕು ಹಿಡಿದವನು ಬಂದಾಗ ಏನು ಮಾಡಬೇಕು ಎಂಬುದಕ್ಕೆ ಬೇರೆ ದೇಶಗಳ ಪೋಲೀಸರು ಬಹಳ ಯೋಚಿಸಿ ಮೂರು ಮಾತಿನ ಸೂತ್ರ ಮಾಡಿದ್ದಾರೆ. ೨೦೧೫ರ ನವೆಂಬರಿನಲ್ಲಿ ಪ್ಯಾರಿಸ್ ನಗರದ ಮೇಲೆ ದಾಳಿಯಾದ ತರುವಾಯ ಬ್ರಿಟನ್ನಿನ ಪೋಲೀಸರು ಅದನ್ನು ಜನರಿಗೆಲ್ಲ ಸಾರಿದರು: ಓಡು, ಅಡಗು, ತಿಳಿಸು. ಮಕ್ಕಳಿಗೂ ನೆನಪಿರುವಂತಹ ಮಾತು. ಆದರೆ ಹೇಳುವುದು ಸುಲಭ. ಹೋಟೆಲಿನೊಳಗೆ, ಮಿಲ್ಲಿನೊಳಗೆ, ಸ್ಟೇಶನ್ನಿನೊಳಗೆ ಅದನ್ನು ನಡೆಸುವುದು ಹೇಗೆ ಎಂಬುದನ್ನು ನಾವೇ ಬಿಡಿಸಿಕೊಳ್ಳಬೇಕು.

ಮೊದಲನೆಯದು, ಓಡು. ೨೦೦೮ರ ಆ ರಾತ್ರಿ ಗುಂಡಿನ ಸದ್ದು ಕೇಳಿದ ಎಷ್ಟೋ ಮಂದಿ ಅದನ್ನು ಪಟಾಕಿಯೆಂದು ತಿಳಿದರು. ಪಟಾಕಿಯೋ ಗುಂಡೋ ಎಂದು ನೋಡಲು ಹೋಗಬೇಡಿರಿ. ಸಂಶಯ ಬಂದರೆ ಸಾಕು, ಸದ್ದಿನಿಂದ ದೂರಕ್ಕೆ ನಡೆಯಿರಿ. ಪಟಾಕಿಯಾಗಿದ್ದರೆ ನಾಲ್ಕು ಜನ ನಗುತ್ತಾರೆ, ಅಷ್ಟೇ. ಕೈಯಲ್ಲಿದ್ದ ತಟ್ಟೆಯನ್ನು ಬಿಡಿರಿ. ಪೆಟ್ಟಿಗೆಯಲ್ಲಿಟ್ಟ ಹಣ, ಅಟ್ಟದಲ್ಲಿಟ್ಟ ಬಟ್ಟೆ, ಚಾರ್ಜಿಗಿಟ್ಟ ಮೊಬೈಲು, ಇವುಗಳಿಗಾಗಿ ತಿರುಗಬೇಡಿರಿ. ಗಿರಾಕಿಗಳೆಲ್ಲ ತಾವು ಬಂದ ಬಾಗಿಲಿಗೇ ನುಗ್ಗುತ್ತಾರೆ, ಏಕೆಂದರೆ ಅವರಿಗೆ ಗೊತ್ತಿರುವುದು ಅದೊಂದೇ ಬಾಗಿಲು. ನಮಗೆ ಅಡಿಗೆಮನೆಯ ಹಿಂದಿನ ದಾರಿ, ನೀರಿನ ಟಾಂಕಿಯ ಮಗ್ಗುಲಿನ ಓಣಿ, ತರಕಾರಿ ಇಳಿಸುವ ಬಾಗಿಲು ಎಲ್ಲವೂ ಗೊತ್ತು. ಓಡುವಾಗ "ಈ ಕಡೆ ಬನ್ನಿ" ಎಂದು ಒಂದು ಕೂಗು ಹಾಕಿದರೆ ಹತ್ತು ಜೀವ ನಮ್ಮ ಹಿಂದೆ ಬರುತ್ತವೆ. ಲಿಫ್ಟು ಹತ್ತಬೇಡಿರಿ. ಗ್ಯಾಸಿನ ಚಾವಿ ಕೈಗೆ ಸಿಗುವಂತಿದ್ದರೆ ತಿರುಗಿಸಿ ಬನ್ನಿರಿ. ದೂರವಿದ್ದರೆ ಅದಕ್ಕಾಗಿ ನಿಲ್ಲಬೇಡಿರಿ.

ಒಂದು ಕೂಗಿಗೆ ಎಷ್ಟು ಬೆಲೆಯೆಂಬುದಕ್ಕೆ ಅದೇ ರಾತ್ರಿಯ ಸಾಕ್ಷಿಯಿದೆ. ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಐವತ್ತೆಂಟು ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ದೂರದ ಗಾಡಿಗಾಗಿ ಗಂಟುಮೂಟೆ ಕಟ್ಟಿಕೊಂಡು ಕುಳಿತಿದ್ದ ಬಡವರು ಅವರಲ್ಲಿ ಬಹಳ. ಆ ಹೊತ್ತಿನಲ್ಲಿ ವಿಷ್ಣು ಝೆಂಡೆ ಎಂಬ ರೈಲ್ವೆ ಅನೌನ್ಸರ್ ತಮ್ಮ ಕೋಣೆಯ ಗಾಜಿನಿಂದ ಸಂಗತಿಯನ್ನು ಕಂಡು, ಕುಳಿತ ಜಾಗದಿಂದ ಏಳದೆ, ಜನರು ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಮತ್ತೆ ಮತ್ತೆ ಸಾರಿದರು. ಎಷ್ಟೋ ಪ್ರಯಾಣಿಕರು ಉಳಿದದ್ದು ಆ ಧ್ವನಿಯಿಂದ. ಅವರು ದೊಡ್ಡ ಅಧಿಕಾರಿಯಲ್ಲ; ನಮ್ಮ ಹಾಗೆ ಪಾಳಿಯ ಮೇಲೆ ದುಡಿಯುವ ನೌಕರರು. ಕೈಯಲ್ಲಿ ಬಂದೂಕು ಇರಲಿಲ್ಲ; ದಾರಿ ಯಾವುದೆಂಬ ತಿಳುವಳಿಕೆ ಇತ್ತು.

ಎರಡನೆಯದು, ಅಡಗು. ಓಡಲು ದಾರಿಯಿಲ್ಲದಿದ್ದರೆ ಮಾತ್ರ ಇದು. ಹಲಗೆಯ ಮೇಜಿನ ಹಿಂದೆ ಕೂತರೆ ಕಣ್ಣಿಗೆ ಮರೆಯಾಗಬಹುದು, ಗುಂಡಿಗೆ ಮರೆಯಾಗುವುದಿಲ್ಲ. ಇಟ್ಟಿಗೆಯ ಗೋಡೆ, ದೊಡ್ಡ ಕಂಬ, ಕಲ್ಲಿನ ರುಬ್ಬುವ ಯಂತ್ರ, ಒತ್ತಾಗಿ ಪೇರಿಸಿದ ಅಕ್ಕಿ ಮೂಟೆಗಳು, ಇವು ಮರೆ. ಸಾಮಾನಿನ ಕೋಣೆಗೆ ಸೇರಿ ಬಾಗಿಲು ಹಾಕಿ ಅದಕ್ಕೆ ಮೂಟೆಗಳನ್ನು ಒತ್ತಿ ಇಡಿರಿ. ದೀಪ ಆರಿಸಿರಿ. ಬಾಗಿಲಿನ ನೇರಕ್ಕೆ ನಿಲ್ಲಬೇಡಿರಿ. ಮೊಬೈಲಿನ ಸದ್ದನ್ನು ಪೂರ್ತಿ ನಿಲ್ಲಿಸಿರಿ. ಅದು ನಡುಗುವ ಸದ್ದೂ ಹೊರಗೆ ಕೇಳುತ್ತದೆ. ದೊಡ್ಡ ಹೋಟೆಲುಗಳ ತಣ್ಣನೆಯ ಕೋಣೆಯಲ್ಲಿ ಅಡಗುವವರು ಅದು ಒಳಗಿನಿಂದ ತೆರೆಯಲು ಬರುತ್ತದೆಯೇ ಎಂಬುದನ್ನು ಇಂದೇ ನೋಡಿಕೊಳ್ಳಬೇಕು, ಆ ದಿನವಲ್ಲ. ತಾಜ್ ಹೋಟೆಲಿನ ಒಂದು ಭೋಜನಕೂಟದಲ್ಲಿ ಇಪ್ಪತ್ತನಾಲ್ಕು ವರ್ಷದ ಒಬ್ಬ ಮ್ಯಾನೇಜರ್ ತರುಣಿ ಗುಂಡಿನ ಸದ್ದು ಕೇಳಿದ ಕೂಡಲೇ ಬಾಗಿಲು ಹಾಕಿಸಿ, ದೀಪ ಆರಿಸಿ, ಅತಿಥಿಗಳನ್ನೆಲ್ಲ ಮೇಜಿನ ಕೆಳಗೆ ಸದ್ದಿಲ್ಲದೆ ಕೂರಿಸಿದರು. ಆ ಕೋಣೆಯವರು ಬೆಳಗಾಗುವವರೆಗೆ ಹಾಗೆಯೇ ಕಾದು ಉಳಿದರು.

ಇಲ್ಲಿ ಒಂದು ಮುಖ್ಯವಾದ ಭೇದವನ್ನು ಹೇಳಬೇಕು. ಗುಂಡಿಗೆ ಅಡಗಬಹುದು, ಹೊಗೆಗೆ ಅಡಗಬಾರದು. ೧೯೮೨ರ ಮುಷ್ಕರದ ತರುವಾಯ ಗಿರಣಗಾಂವಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಆ ಆವರಣಗಳಲ್ಲಿ ಆಫೀಸುಗಳೂ ಬಾರುಗಳೂ ಎದ್ದವು. ಹಾಗೆ ಎದ್ದ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ ೨೦೧೭ರ ಡಿಸೆಂಬರ್ ೨೯ರ ನಡುರಾತ್ರಿ ಮಾಳಿಗೆಯ ಮೇಲಿನ ಪಾನಗೃಹಗಳಿಗೆ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತರು. ದಾರಿ ಕಾಣದೆ ಪಾಯಖಾನೆಯೊಳಗೆ ಹೊಕ್ಕವರು ಹೊಗೆಯಿಂದ ಉಸಿರು ಕಟ್ಟಿ ಹೋದರು. ಒಂದು ಕಾಲಕ್ಕೆ ನಮ್ಮ ಹಿರಿಯರು ನೂಲು ತೆಗೆದ ನೆಲದ ಮೇಲೆ ನಡೆದ ಸಂಗತಿ ಇದು. ಹೊಗೆ ಕಂಡರೆ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದು, ಬಗ್ಗಿ, ನೆಲದ ಮಟ್ಟದಲ್ಲಿ ತೆವಳಿಯಾದರೂ ಹೊರಗೆ ಹೋಗತಕ್ಕದ್ದು. ತಾಜಿನಲ್ಲಿಯೂ ಗುಂಡಿನ ಜೊತೆಗೆ ಬೆಂಕಿ ಬಂದದ್ದನ್ನು ಮರೆಯಬಾರದು. ಅಡಗಿದವನು ಹೊಗೆಯ ವಾಸನೆ ಬಂದರೆ ಯಾವ ಕಿಟಕಿಯಿಂದ ಹೊರಬೀಳಬೇಕೆಂದು ಮೊದಲೇ ನೋಡಿಟ್ಟುಕೊಂಡಿರಬೇಕು.

ಮೂರನೆಯದು, ತಿಳಿಸು. ೧೧೨ ಎಂಬ ಸಂಖ್ಯೆಗೆ ಕರೆಮಾಡಿರಿ. ಪೋಲೀಸು, ಬೆಂಕಿಯ ದಳ, ಅಂಬುಲೆನ್ಸು ಮೂರಕ್ಕೂ ಅದು ನಡೆಯುತ್ತದೆ. ಅಳುತ್ತಾ ಕೂಗಿದರೆ ಅವರಿಗೆ ಏನೂ ತಿಳಿಯದು. ಹೋಟೆಲಿನ ಹೆಸರು, ಬೀದಿ, ಹತ್ತಿರದ ಗುರುತು, ಎಷ್ಟು ಮಂದಿ ಬಂದಿದ್ದಾರೆ, ಕೈಯಲ್ಲಿ ಏನಿದೆ, ಯಾವ ಕಡೆಗೆ ಹೋದರು, ಗಾಯವಾದವರು ಎಷ್ಟು, ಇಷ್ಟನ್ನು ಹೇಳಿರಿ. ಊರಿನಿಂದ ನಿನ್ನೆ ಬಂದ ಹುಡುಗನಿಗೆ ತಾನು ದುಡಿಯುವ ಬೀದಿಯ ಹೆಸರೇ ಗೊತ್ತಿರುವುದಿಲ್ಲ. ಗಲ್ಲಾದ ಬಳಿಯಲ್ಲಿಯೂ ಅಡಿಗೆಮನೆಯಲ್ಲಿಯೂ ವಿಳಾಸವನ್ನು ಕನ್ನಡದಲ್ಲಿ, ಹಿಂದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಚ್ಚಿದರೆ ಎಷ್ಟು ಖರ್ಚು? ಒಂದು ರಟ್ಟು, ಒಂದು ಪೆನ್ನು.

ತಿಳಿಸಬೇಕಾದದ್ದು ಪೋಲೀಸರಿಗೆ, ಲೋಕಕ್ಕೆಲ್ಲ ಅಲ್ಲ. ೨೦೦೮ರಲ್ಲಿ ಟೆಲಿವಿಷನ್ನಿನವರು ಕಾರ್ಯಾಚರಣೆಯನ್ನು ಇದ್ದುದಿದ್ದ ಹಾಗೆ ತೋರಿಸುತ್ತಿದ್ದರು. ದಾಳಿಕೋರರನ್ನು ಪಾಕಿಸ್ತಾನದಿಂದ ನಡೆಸುತ್ತಿದ್ದವರು ಅದನ್ನು ನೋಡಿ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ೨೦೧೨ರ ಆಗಸ್ಟಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಕಠಿಣವಾಗಿ ಖಂಡಿಸಿತು. ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಟೆಲಿವಿಷನ್ನಿದೆ. ಅಡಗಿದ ಜಾಗದ ಚಿತ್ರವನ್ನು ತೆಗೆದು ಕಳುಹಿಸುವುದು ಕೊಲೆಗಾರನಿಗೆ ವಿಳಾಸ ಬರೆದು ಕೊಟ್ಟ ಹಾಗೆ.

ಪೋಲೀಸರು ಒಳಗೆ ಬಂದಾಗ ಅಡಿಗೆಯವರು ಇನ್ನೊಂದನ್ನು ನೆನಪಿಡಬೇಕು. ನಮ್ಮ ಕೈಯಲ್ಲಿ ಸದಾ ಚೂರಿ, ಸಟ್ಟುಗ, ಈಳಿಗೆ. ಒಳನುಗ್ಗುವ ಪೋಲೀಸನಿಗೆ ಯಾರು ಭಟ್ಟರು, ಯಾರು ಬಂದೂಕಿನವನು ಎಂದು ತಿಳಿಯುವಷ್ಟು ಪುರಸತ್ತಿಲ್ಲ. ಕೈಯಲ್ಲಿದ್ದುದನ್ನು ಕೆಳಗೆ ಹಾಕಿ, ಎರಡೂ ಅಂಗೈಗಳನ್ನು ತೋರಿಸಿ, ಓಡದೆ, ಅವರು ಹೇಳಿದ ಹಾಗೆ ಮಾಡಿರಿ.

ಈಗ ಚೀಲದ ವಿಷಯ. ಗಿರಾಕಿ ಮರೆತು ಹೋದ ಚೀಲವನ್ನು ಎತ್ತಿ ತಂದು ಗಲ್ಲಾದ ಕೆಳಗೆ ಇಡುವುದು ನಮ್ಮ ಹೋಟೆಲುಗಳ ಹಳೆಯ ಪದ್ಧತಿ. ಹಣದ ಚೀಲವನ್ನು ಹಾಗೆಯೇ ಹಿಂದಕ್ಕೆ ಕೊಟ್ಟು ಹೆಸರು ಪಡೆದ ಹುಡುಗರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಪ್ರಾಮಾಣಿಕತೆಗೆ ಕುಂದು ಬರಬಾರದು. ಆದರೆ ಪದ್ಧತಿ ಬದಲಾಗಬೇಕು. ಒಡೆಯರಿಲ್ಲದ ಚೀಲ ಕಂಡರೆ ಮುಟ್ಟಬೇಡಿರಿ, ತೆರೆಯಬೇಡಿರಿ, ಸರಿಸಬೇಡಿರಿ. "ಇದು ಯಾರದು?" ಎಂದು ಗಟ್ಟಿಯಾಗಿ ಒಮ್ಮೆ ಕೇಳಿರಿ. ಉತ್ತರ ಬಾರದಿದ್ದರೆ ಸುತ್ತಲಿನ ಮೇಜುಗಳವರನ್ನು ಎಬ್ಬಿಸಿ, ದೂರ ಕಳುಹಿಸಿ, ಪೋಲೀಸರಿಗೆ ತಿಳಿಸಿರಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದರೊಳಗೆ ಒಂದು ಕೊಡೆ, ಒಂದು ಊಟದ ಡಬ್ಬಿ ಇದ್ದೀತು. ಆಗ ಯಜಮಾನರು "ವ್ಯಾಪಾರ ಕೆಡಿಸಿದೆ" ಎಂದು ಹುಡುಗನ ಮೇಲೆ ರೇಗಬಾರದು. ಒಂದು ಸಲ ರೇಗಿದರೆ ಮುಂದಿನ ಸಲ ಅವನು ಚೀಲವನ್ನು ಸುಮ್ಮನೆ ಎತ್ತಿಕೊಂಡು ಬರುತ್ತಾನೆ. ಒಂದು ಸ್ಫೋಟವಾದ ಜಾಗದಲ್ಲಿ ಇನ್ನೊಂದೂ ಆಗಬಹುದು. ಆದುದರಿಂದ ನೋಡಲು ಗುಂಪು ಸೇರುವುದು ಮೂರ್ಖತನ.

ಮಿಲ್ಲು ಕಾರ್ಖಾನೆಗಳ ಸೋದರರಿಗೆ ಒಂದು ಮಾತು. ನಿಮ್ಮ ಅಪಾಯ ಬಹುಮಟ್ಟಿಗೆ ಗುಂಪಿನದು: ಪಾಳಿ ಬಿಡುವ ಹೊತ್ತಿನ ಗೇಟು, ಸ್ಟೇಶನ್ನಿನ ಸೇತುವೆ. ೨೦೧೭ರ ಸೆಪ್ಟೆಂಬರ್ ೨೯ರ ಬೆಳಿಗ್ಗೆ ಮಳೆ ಬರುತ್ತಿದ್ದಾಗ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಮೇಲೆ ನೂಕುನುಗ್ಗಲಾಗಿ ಇಪ್ಪತ್ತಮೂರು ಜನ ಸತ್ತರು. ಅಲ್ಲಿ ಬಂದೂಕು ಇರಲಿಲ್ಲ, ಬಾಂಬು ಇರಲಿಲ್ಲ. ಜನರ ಮೈಯೇ ಜನರನ್ನು ಕೊಂದಿತು. ಗುಂಪಿನಲ್ಲಿ ಸಿಕ್ಕಿದಾಗ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಾಟಕ್ಕೆ ಜಾಗ ಮಾಡಿಕೊಳ್ಳಿರಿ. ಪ್ರವಾಹಕ್ಕೆ ಎದುರಾಗಿ ನೂಕಬೇಡಿರಿ. ಅದರ ಜೊತೆಗೇ ನಡೆಯುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ವಸ್ತುವಿಗಾಗಿ ಬಗ್ಗಬೇಡಿರಿ. ಬಿದ್ದ ಮನುಷ್ಯನನ್ನು ಮಾತ್ರ ಎಬ್ಬಿಸಿರಿ.

ಗಲಭೆಯ ಕಾಲದ ವಿಷಯ ನಮ್ಮವರಿಗೆ ಹೊಸದಲ್ಲ. ೧೯೬೦ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದುದನ್ನೂ, ೧೯೬೯ರ ಫೆಬ್ರವರಿಯಲ್ಲಿ ಗಡಿಯ ಪ್ರಶ್ನೆಯ ಮೇಲೆ ಮುಂಬಯಿ ಉರಿದುದನ್ನೂ ಹಿರಿಯರ ಬಾಯಿಂದ ಕೇಳಿದ್ದೇವೆ. ೧೯೯೨ರ ಡಿಸೆಂಬರ್ ಮತ್ತು ೧೯೯೩ರ ಜನವರಿಯ ಗಲಭೆಗಳಲ್ಲಿ ೯೦೦ ಜನ ಸತ್ತರೆಂದು ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿದೆ. ಅಂತಹ ಹೊತ್ತಿನಲ್ಲಿ ಸುದ್ದಿ ಬಂದ ಕೂಡಲೇ ಗಿರಾಕಿಗಳನ್ನು ಸಮಾಧಾನದಿಂದ ಕಳುಹಿಸಿ ಶಟರು ಎಳೆಯಬೇಕು, ಗುಂಪು ಬೀದಿಯ ತಿರುವಿಗೆ ಬಂದ ಮೇಲೆ ಅಲ್ಲ. ಗಾಜಿನ ಹತ್ತಿರ ನಿಲ್ಲಬಾರದು. ಗುಂಪಿನೊಡನೆ ವಾದಕ್ಕೆ ಇಳಿಯಬಾರದು. ಹೋಟೆಲಿನ ಬೋರ್ಡಿಗಿಂತ ಹೋಟೆಲಿನ ಹುಡುಗನ ತಲೆ ದೊಡ್ಡದು. ಮೊಬೈಲಿಗೆ ಬಂದ ಗಾಳಿಮಾತನ್ನು ಇನ್ನೊಬ್ಬನಿಗೆ ದಾಟಿಸಬಾರದು. ನಮ್ಮೊಡನೆ ಒಂದೇ ಅಟ್ಟದ ಮೇಲೆ ಮಲಗುವ ಬೇರೆ ಜಾತಿಯ, ಬೇರೆ ಮತದ, ಬೇರೆ ಭಾಷೆಯ ಹುಡುಗನನ್ನು ಬೀದಿಗೆ ತೋರಿಸಿಕೊಡುವವನು ಕಾರ್ಮಿಕನಲ್ಲ, ಮನುಷ್ಯನೂ ಅಲ್ಲ.

ಇಷ್ಟೂ ಹೇಳಿದಾಗ ಕೆಲವರು ಕೇಳುವುದುಂಟು: "ಓಡಿಹೋಗುವುದು ಹೇಡಿತನವಲ್ಲವೇ? ಗಿರಾಕಿ ದೇವರಲ್ಲವೇ? ತಾಜಿನ ನೌಕರರು ಓಡಿದರೇ?" ಇಲ್ಲ, ಅವರು ಓಡಲಿಲ್ಲ. ಸಾವಿರಕ್ಕೂ ಹೆಚ್ಚು ಅತಿಥಿಗಳನ್ನು ಹೊರಗೆ ಸಾಗಿಸಲು ನಿಂತರು. ಟೆಲಿಫೋನಿನ ನೌಕರರು ಕೋಣೆ ಕೋಣೆಗೂ ಕರೆಮಾಡಿ, ಬಾಗಿಲು ಹಾಕಿ ದೀಪ ಆರಿಸಿರೆಂದು ಹೇಳಿದರು. ಅಡಿಗೆಮನೆಯವರು ಅತಿಥಿಗಳಿಗೆ ತಮ್ಮ ಮೈಯನ್ನೇ ಅಡ್ಡ ಕೊಟ್ಟರು. ಅಲ್ಲಿ ಸತ್ತವರಲ್ಲಿ ಹನ್ನೊಂದು ಮಂದಿ ನೌಕರರೇ; ಮೂರರಲ್ಲಿ ಒಂದು ಪಾಲು. ಅವರ ಹೆಸರಿಗೆ ನಮ್ಮ ತಲೆ ಬಾಗುತ್ತದೆ. ಅವರಂತಹವರು ನಮ್ಮ ಕಸುಬಿನಲ್ಲಿ ಹುಟ್ಟಿದರೆಂಬುದು ನಮ್ಮ ಹೆಮ್ಮೆ.

ಆದರೆ ಆ ತ್ಯಾಗ ಅವರು ತಾವಾಗಿ ಕೊಟ್ಟದ್ದು. ಅದನ್ನು ಸಂಬಳದ ಬಾಬತ್ತಿನಲ್ಲಿ ಬರೆಯಲು ಯಾವ ಯಜಮಾನರಿಗೂ ಹಕ್ಕಿಲ್ಲ. ಗಿರ್‌ಗಾಂವ್ ಚೌಪಾಟಿಯಲ್ಲಿ ಬರಿಯ ಲಾಠಿಯೊಡನೆ ಬಂದೂಕಿನ ನಳಿಗೆಯನ್ನು ಹಿಡಿದು ಪ್ರಾಣಕೊಟ್ಟ ತುಕಾರಾಮ್ ಓಂಬ್ಳೆ ಅವರು ಪೋಲೀಸಿನವರು; ಆ ಸೇವೆಗೆ ಪ್ರತಿಜ್ಞೆ ಮಾಡಿ ಸೇರಿದವರು. ಹುಡುಗನು ಊರಿನಿಂದ ಬಂದು ಹೋಟೆಲು ಸೇರಿದ್ದು ಲೋಟ ತೊಳೆಯಲು, ಊರಿಗೆ ತಿಂಗಳಿಗೆ ನಾಲ್ಕು ಕಾಸು ಕಳುಹಿಸಲು. ಅವನ ಮೇಲೆ ನಂಬಿಕೆಯಿಟ್ಟು ತಾಯಿಯೊಬ್ಬಳು ಅಲ್ಲಿ ಕೂತಿದ್ದಾಳೆ. ಗಿರಾಕಿಗೆ ದಾರಿ ತೋರಿಸುವುದು ಅವನ ಧರ್ಮ. ಗಿರಾಕಿಗಾಗಿ ಸಾಯಬೇಕೆಂಬುದು ಯಾವ ಧರ್ಮದಲ್ಲಿಯೂ ಬರೆದಿಲ್ಲ. ಅಡಗಲೂ ಓಡಲೂ ದಾರಿಯಿಲ್ಲದೆ ಕೊಲೆಗಾರ ಎದುರಿಗೇ ಬಂದು ನಿಂತರೆ ಕೈಗೆ ಸಿಕ್ಕಿದ್ದರಿಂದ ಹೋರಾಡಬೇಕಾದೀತು. ಅದು ಕೊನೆಯ ಉಪಾಯ, ಮೊದಲನೆಯದಲ್ಲ.

ಹುಡುಗರು ಓಡದೆ ನಿಲ್ಲುವುದಕ್ಕೆ ಬಹಳ ಸಲ ಕಾರಣ ಶೌರ್ಯವಲ್ಲ, ಬಿಲ್ಲು. ಈ ವಿಷಯ ಮಾತನಾಡುತ್ತಿದ್ದಾಗ ಹದಿನೆಂಟು ವರ್ಷದ ಒಬ್ಬ ಸಪ್ಲೈಯರ್ ನನ್ನನ್ನು ಕೇಳಿದ: "ಅಣ್ಣಾ, ಓಡುವುದೇನೋ ಸರಿ. ನನ್ನ ಮೇಜಿನವರು ಹಣ ಕೊಡದೆ ಓಡಿದರೆ ಆ ಬಿಲ್ಲು ಯಾರ ತಲೆಗೆ?" ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ, ಏಕೆಂದರೆ ಅವನ ಹೆದರಿಕೆ ಸುಳ್ಳಲ್ಲ. ಗಿರಾಕಿ ಹಣ ಕೊಡದೆ ಹೋದರೆ ಸಪ್ಲೈಯರನ ಸಂಬಳದಿಂದ ಮುರಿಯುವ, ಒಡೆದ ಗ್ಲಾಸಿಗೆ ಕಾಸು ಹಿಡಿಯುವ ಹೋಟೆಲುಗಳು ಇನ್ನೂ ಇವೆ. ಅಂತಹ ಕಡೆ ಹುಡುಗನ ಕಾಲಿಗೆ ಸರಪಳಿ ಹಾಕಿದವನು ಭಯೋತ್ಪಾದಕನಲ್ಲ, ಗಲ್ಲಾದ ಪುಸ್ತಕ.

ಇನ್ನೊಂದು ಸರಪಳಿ ಹಿಂಬಾಗಿಲಿನದು. ನಾನು ಹಿಂದೆ ದುಡಿದ ಒಂದು ಹೋಟೆಲಿನಲ್ಲಿ ಅಡಿಗೆಮನೆಯ ಹಿಂಬಾಗಿಲಿಗೆ ಹಗಲೂ ರಾತ್ರಿಯೂ ಬೀಗ. ಕೇಳಿದರೆ, ಹುಡುಗರು ಎಣ್ಣೆ ಬೇಳೆ ಸಾಗಿಸುತ್ತಾರೆ ಎಂಬ ಉತ್ತರ. ಬೀಗದ ಕೈ ಯಜಮಾನರ ಜೇಬಿನಲ್ಲಿ. ಯಜಮಾನರು ಮಧ್ಯಾಹ್ನ ಮನೆಯಲ್ಲಿ. ರಾತ್ರಿ ಹುಡುಗರು ಒಳಗೆ ಮಲಗಿದ ಮೇಲೆ ಶಟರಿಗೂ ಹೊರಗಿನಿಂದ ಬೀಗ. ಇಪ್ಪತ್ತು ಜನರ ಜೀವಕ್ಕಿಂತ ಒಂದು ಡಬ್ಬಿ ಎಣ್ಣೆ ಹೆಚ್ಚಾದದ್ದು ಹೇಗೆ? ಕಳ್ಳತನಕ್ಕೆ ಬೇರೆ ಉಪಾಯಗಳಿವೆ. ಒಳಗಿನಿಂದ ತೆಗೆಯಲು ಬರುವ, ಹೊರಗಿನಿಂದ ತೆಗೆಯಲು ಬಾರದ ಚಿಲಕ ಪೇಟೆಯಲ್ಲಿ ಸಿಗುತ್ತದೆ.

ಆದುದರಿಂದ ಸಂಘದ ಮೂಲಕ ಯಜಮಾನರ ಮುಂದೆ ಈ ಬೇಡಿಕೆಗಳನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ.

ಒಂದು: ಕೆಲಸದವರು ಒಳಗಿರುವಾಗ ಯಾವ ಬಾಗಿಲಿಗೂ ಹೊರಗಿನಿಂದ ಬೀಗ ಬೀಳಬಾರದು. ಹಿಂಬಾಗಿಲಿನ ದಾರಿಯಲ್ಲಿ ಸಿಲಿಂಡರು, ಈರುಳ್ಳಿ ಮೂಟೆ, ಮುರಿದ ಮೇಜು ಇಡಬಾರದು.

ಎರಡು: ಅಪಾಯದ ಹೊತ್ತಿನಲ್ಲಿ ಹೋದ ಬಿಲ್ಲು, ಒಡೆದ ಪಾತ್ರೆ, ನಿಂತ ಕೆಲಸ, ಇವುಗಳಿಗಾಗಿ ಯಾರ ಸಂಬಳದಿಂದಲೂ ಒಂದು ಪೈಸೆ ಮುರಿಯಬಾರದು. ಇದನ್ನು ಬರೆದು ಗೋಡೆಗೆ ಹಚ್ಚಬೇಕು.

ಮೂರು: ವರ್ಷಕ್ಕೆ ಎರಡು ಸಲ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆ, ಓಡುವ ದಾರಿಯನ್ನು ನಡೆದು ನೋಡುವ ಅಭ್ಯಾಸ ನಡೆಯಬೇಕು. ಹೊರಗೆ ಹೋದವರು ಸೇರುವ ಜಾಗ ಗೊತ್ತಾಗಿರಬೇಕು. ಅಲ್ಲಿ ತಲೆ ಎಣಿಸಬೇಕು. ಕನ್ನಡ, ತುಳು, ಹಿಂದಿ, ಯಾರಿಗೆ ಯಾವ ಭಾಷೆ ಬರುವುದೋ ಅದರಲ್ಲಿ ಹೇಳಬೇಕು.

ನಾಲ್ಕು: ಪ್ರತಿಯೊಬ್ಬನ ಹೆಸರೂ ಮಸ್ಟರಿನಲ್ಲಿ ಇರಬೇಕು. ಇದು ಬರಿಯ ಸಂಬಳದ ಪ್ರಶ್ನೆಯಲ್ಲ. ಮಸ್ಟರಿನಲ್ಲಿ ಇಲ್ಲದವನನ್ನು ಹೊರಗೆ ಎಣಿಸುವವರು ಯಾರು? ಒಳಗೆ ಸಿಕ್ಕಿಕೊಂಡರೆ ಹುಡುಕುವವರು ಯಾರು? ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಗಾಯವಾದರೆ ಯಜಮಾನನು ಪರಿಹಾರ ಕೊಡಬೇಕೆಂಬ ತತ್ವ ನಮ್ಮ ದೇಶದಲ್ಲಿ ೧೯೨೩ರ ಕಾನೂನಿನಿಂದಲೂ ಇದೆ. ಆದರೆ ಇವನು ನಮ್ಮಲ್ಲಿ ದುಡಿಯುತ್ತಲೇ ಇರಲಿಲ್ಲ ಎಂದು ಯಜಮಾನನು ಕೈ ತೊಳೆದುಕೊಂಡರೆ ಆ ಕಾನೂನು ಕಾಗದವಾಗಿಯೇ ಉಳಿಯುತ್ತದೆ. ತಾಜಿನ ಕಂಪೆನಿಯವರು ೨೦೦೮ರ ಡಿಸೆಂಬರಿನಲ್ಲಿಯೇ ಒಂದು ಟ್ರಸ್ಟು ಮಾಡಿ, ತಮ್ಮ ನೌಕರರಿಗಷ್ಟೇ ಅಲ್ಲದೆ ಹೊರಗಿನ ಸಂತ್ರಸ್ತರಿಗೂ ನೆರವು ಕೊಟ್ಟರು. ಅದು ಮೆಚ್ಚತಕ್ಕ ಕೆಲಸ. ಸಣ್ಣ ಹೋಟೆಲಿನ ಯಜಮಾನರಿಗೆ ಟ್ರಸ್ಟು ಮಾಡುವ ಶಕ್ತಿಯಿಲ್ಲ, ಒಪ್ಪುತ್ತೇವೆ. ಹೆಸರು ಬರೆಯುವ ಶಕ್ತಿಯಾದರೂ ಇದೆ.

ಯಜಮಾನರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಲ್ಲಿಯೂ ಅನೇಕರು ನಮ್ಮ ಹಾಗೆಯೇ ಲೋಟ ತೊಳೆದು ಮೇಲೆ ಬಂದವರು. ಬಾಂಬಿಗೆ ಯಜಮಾನ, ಮಾಣಿ ಎಂಬ ಭೇದವಿಲ್ಲ. ಗಲ್ಲಾದಲ್ಲಿ ಕೂತವರೂ ಬೀದಿಯ ಬಾಗಿಲಿಗೆ ಹತ್ತಿರವೇ ಇರುತ್ತಾರೆ. ಈ ಬೇಡಿಕೆಗಳು ಅವರ ಜೀವಕ್ಕೂ ಒಳ್ಳೆಯವು.

ಇನ್ನು ಗಾಯವಾದವರ ವಿಷಯ. ರಕ್ತ ಹರಿಯುತ್ತಿದ್ದರೆ ಒಗೆದ ಟವಲನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿರಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಹೊತ್ತನ್ನು ಆಸ್ಪತ್ರೆಯವರಿಗೆ ತಿಳಿಸಿರಿ. ಚುಚ್ಚಿಕೊಂಡ ಗಾಜನ್ನೋ ಕಬ್ಬಿಣವನ್ನೋ ಎಳೆಯಬೇಡಿರಿ. ಬಿದ್ದವನಿಗೆ ಚಹಾ ಸೋಡಾ ಕೊಡುವುದು ನಮ್ಮ ಕೈಗೆ ಬಂದ ಅಭ್ಯಾಸ. ದೊಡ್ಡ ಗಾಯವಾದವನಿಗೆ ಬಾಯಿಗೆ ಏನನ್ನೂ ಹಾಕಬೇಡಿರಿ. ಪೋಲೀಸರು ಬರದೆ ಮುಟ್ಟುವುದಿಲ್ಲ ಎಂದು ಯಾವ ಆಸ್ಪತ್ರೆಯಾದರೂ ಹೇಳಿದರೆ ಹಿಂದಿರುಗಬೇಡಿರಿ. ಜೀವ ಉಳಿಸುವ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ. ಸರಕಾರಿಯಿರಲಿ ಖಾಸಗಿಯಿರಲಿ ಪ್ರತಿಯೊಬ್ಬ ಡಾಕ್ಟರಿಗೂ ಈ ಹೊಣೆಯಿದೆ ಎಂದು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೮೯ರಲ್ಲಿಯೇ ತೀರ್ಪು ಕೊಟ್ಟಿದೆ. ಮೈಗೆ ಗಾಯವಾಗದೆ ಮನಸ್ಸಿಗೆ ಗಾಯವಾದವನೂ ಇರುತ್ತಾನೆ. ನಿದ್ರೆ ಬಾರದು, ಸಣ್ಣ ಸದ್ದಿಗೂ ಬೆಚ್ಚುತ್ತಾನೆ. ಅವನನ್ನು ಹೇಡಿಯೆಂದು ಗೇಲಿ ಮಾಡಬೇಡಿರಿ. ಜೊತೆಗೆ ಕೂತು ಮಾತಾಡಿಸಿರಿ, ಡಾಕ್ಟರಲ್ಲಿಗೆ ಕರೆದೊಯ್ಯಿರಿ.

ಬಂಧುಗಳೇ, ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ದಿನವೂ ಹೆದರುತ್ತಾ ಬದುಕಿದರೆ ದುಡಿಯಲಾಗುವುದಿಲ್ಲ. ಒಮ್ಮೆ ಯೋಚಿಸಿ ಸಿದ್ಧವಾದವನಿಗೆ ದಿನವೂ ಹೆದರುವ ಅಗತ್ಯವಿಲ್ಲ. ಯಜಮಾನರೂ ಸರಕಾರವೂ ಏಳುವವರೆಗೆ ಕಾಯದೆ ಈ ವಾರವೇ ಮೂರು ಕೆಲಸ ಮಾಡೋಣ. ನೀವು ದುಡಿಯುವ, ಮಲಗುವ ಜಾಗದಿಂದ ಹೊರಗೆ ಹೋಗುವ ಎರಡು ದಾರಿಗಳನ್ನು ನಡೆದು ನೋಡಿರಿ. ಹೊಸದಾಗಿ ಬಂದ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ ಅವನಿಗೂ ತೋರಿಸಿರಿ. ೧೧೨ ಎಂಬ ಸಂಖ್ಯೆಯನ್ನೂ ನಿಮ್ಮ ಹೋಟೆಲಿನ ವಿಳಾಸವನ್ನೂ ಅವನ ಬಾಯಿಂದ ಹೇಳಿಸಿರಿ. ಹಿಂಬಾಗಿಲಿಗೆ ಬೀಗ ಕಂಡರೆ ಒಬ್ಬೊಬ್ಬರಾಗಿ ಹೋಗಿ ಕೇಳಬೇಡಿರಿ, ಕೆಲಸ ಹೋದೀತು. ಹತ್ತು ಜನ ಕೂಡಿ ಕೇಳಿರಿ, ಸಂಘಕ್ಕೆ ತಿಳಿಸಿರಿ. ಮುಂದಿನ ಸಭೆಯಲ್ಲಿ ಯಾವ ಯಾವ ಹೋಟೆಲಿನ ಬೀಗ ತೆಗೆಯಿತು, ಯಾವುದು ಇನ್ನೂ ಇದೆ ಎಂಬ ಲೆಕ್ಕವನ್ನು ಎಲ್ಲರ ಮುಂದೆ ಓದೋಣ.